ಸೆರಗಿನ ಕೆಳಗಿನ ದರ

ಮದುವೆಯಾಗಿ ಬರುವವರೆಗೆ ನನಗೆ ಮೀನೆಂದರೆ ಸಂತೆಯ ಒಂದು ಮೂಲೆ, ಅಷ್ಟೇ. ನನ್ನ ತವರು ಕುಷ್ಟಗಿ ಕಡೆ. ಸಜ್ಜೆ, ತೊಗರಿ ಬಿಟ್ಟರೆ ಕಲ್ಲು ಬೆಳೆಯುವ ನೆಲ. ಅವ್ವನ ಜೊತೆ ಸಂತೆಗೆ ಹೋದಾಗ ಆ ಮೂಲೆ ಬಂತೆಂದರೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಗಂಡನ ಮನೆ ಮುನಿರಾಬಾದಿನ ಹತ್ತಿರ, ಆಣೆಕಟ್ಟೆಯ ಹಿನ್ನೀರಿನ ಮಗ್ಗುಲಿಗೆ. ಇಲ್ಲಿ ಮೂಗು ಮುಚ್ಚಿಕೊಂಡು ಬಾಳುವೆ ಮಾಡಲಾಗುವುದಿಲ್ಲ ಎಂದು ಬಂದ ದಿನವೇ ಗೊತ್ತಾಯಿತು. ಗಂಡ ಟಂಟಂ ಆಟೊ ಓಡಿಸುತ್ತಿದ್ದ. ಓಡಿಸಿದ್ದಕ್ಕಿಂತ ರಿಪೇರಿ ಮಾಡಿಸಿದ್ದೇ ಹೆಚ್ಚು. ಮನೆ ನಡೆಸುತ್ತಿದ್ದವಳು ಅತ್ತೆ. ದಂಡೆಯಲ್ಲಿ ಸಗಟು ಮೀನು ಕೊಂಡು, ಸಂತೆ ಇದ್ದ ಊರಿಗೆ ಒಯ್ದು ಮಾರುವುದು ಅವಳ ಕಸುಬು.

ಅವಳ ಹಿಂದೆ ಬುಟ್ಟಿ ಹೊತ್ತು ತಿರುಗಿದ ಮೊದಲ ವರ್ಷ ನನಗೆ ತಲೆ ಕೆಟ್ಟುಹೋಗಿತ್ತು. ಜೋಳಕ್ಕಾದರೆ ಆ ದಿನಕ್ಕೊಂದು ದರ ಅಂತ ಇರುತ್ತದೆ. ಮೀನಿಗೆ ಊರಿಗೊಂದು ನ್ಯಾಯ. ಗಂಗಾವತಿಯಲ್ಲಿ ಎಲ್ಲವೂ ಬಾಯಿಮಾತು. ನಸುಕಿನಲ್ಲೇ ಆಂಧ್ರದ ಲಾರಿಗಳು ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಡಬ್ಬಿಗಳನ್ನು ಇಳಿಸುತ್ತವೆ. ಹರಾಜಿನ ಸವಾಲು ಕೂಗುವವನು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾನೆ. ಕೊಂಡವನು ಎಷ್ಟಕ್ಕೆ ಕೊಂಡ ಎನ್ನುವುದು ರಸ್ತೆಯಲ್ಲಿ ಚಹಾ ಕುಡಿಯುವವನಿಗೂ ಕೇಳಿಸುತ್ತದೆ. ಕೆರೆಯಲ್ಲಿ ಸಾಕಿದ ಆ ಕಾಟ್ಲಾ ಮೀನು ಅಲ್ಲಿ ಎಷ್ಟಕ್ಕೆ ಹೋಯಿತೋ, ಅದರ ಹತ್ತು ರೂಪಾಯಿ ಆಚೆಈಚೆ ಸುತ್ತಲಿನ ಊರುಗಳ ಮೀನು ಅವತ್ತು ಕುಣಿಯುತ್ತದೆ. ಕೊಪ್ಪಳದ ಅಂಗಡಿಗಳಲ್ಲಿ ಕರಾವಳಿಯ ಬಂಗಡೆ ಬರುತ್ತದೆ, ಅಲ್ಲಿ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ದರ ಬರೆದಿರುತ್ತಾರೆ. ಓದು ಬಂದವರು ಓದಿ ಮುಂದೆ ಹೋಗುತ್ತಾರೆ, ಬಾರದವರು ನಿಂತು ಚೌಕಾಸಿ ಮಾಡಿ ಅದೇ ದರ ಕೊಟ್ಟು ಹೋಗುತ್ತಾರೆ.

ಕುಷ್ಟಗಿ ಸಂತೆಯಲ್ಲಿ ತಕ್ಕಡಿಯೇ ಇಲ್ಲ. ಮೀನನ್ನು ಗುಂಪು ಗುಂಪಾಗಿ ಹಾಸಿ, ಬಂದವರ ಮುಖ ನೋಡಿ ಬೆಲೆ ಹೇಳುವುದು. ಇಸ್ತ್ರಿ ಅಂಗಿಗೆ ಒಂದು ಬೆಲೆ, ಮಣ್ಣು ಮೆತ್ತಿದ ಕಾಲಿಗೆ ಇನ್ನೊಂದು. ಅತ್ತೆ ಇದರಲ್ಲಿ ನಿಸ್ಸೀಮಳು. ನನ್ನ ತವರಿನ ಕಡೆಯ ಜನ ಬಂದರೆ ಮಾತ್ರ ನನ್ನ ಕಡೆ ಓರೆಗಣ್ಣಿನಿಂದ ನೋಡಿ ಎರಡು ಮೀನು ಹೆಚ್ಚಿಗೆ ಹಾಕುತ್ತಿದ್ದಳು, ಆಮೇಲೆ ವಾರಗಟ್ಟಲೆ ಅದನ್ನೇ ಆಡಿ ತೋರಿಸುತ್ತಿದ್ದಳು. ಯಲಬುರ್ಗಾದಲ್ಲಿ ನಾವು ಒಯ್ದ ಮಂಜುಗಡ್ಡೆ ಹೊತ್ತೇರುವುದರೊಳಗೆ ನೀರಾಗುತ್ತಿತ್ತು. ಅಲ್ಲಿ ದರ ಇಳಿಸುತ್ತಿದ್ದದ್ದು ಬಿಸಿಲು. ಬೆಳಿಗ್ಗೆ ಮೂಗು ಮುರಿದು ಹೋದ ಹೆಂಗಸರು ಮಧ್ಯಾಹ್ನ ಮೀನಿನ ಕಣ್ಣು ಮಂಕಾಗುವ ಹೊತ್ತಿಗೆ ಸರಿಯಾಗಿ ತಿರುಗಿ ಬರುತ್ತಿದ್ದರು. ಅವರು ದೂರದಲ್ಲಿ ಕಂಡರೇ ನನ್ನ ಹೊಟ್ಟೆ ಉರಿಯುತ್ತಿತ್ತು.

ಆದರೆ ಇದೆಲ್ಲ ಮಾರುವ ಮಾತು. ಕೊಳ್ಳುವುದು ದಂಡೆಯಲ್ಲಿ. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ದಂಡೆಯ ದಲಾಲಿ ಮೊದಲು ಎತ್ತಿನ ಸಂತೆಗಳಲ್ಲಿ ದಲಾಲಿ ಮಾಡಿಕೊಂಡಿದ್ದವನು. ಊರಿಗೆಲ್ಲ ಟ್ರ್ಯಾಕ್ಟರ್ ಬಂದು ಎತ್ತಿನ ವ್ಯಾಪಾರ ನೆಲ ಕಚ್ಚಿದ ಮೇಲೆ ಮೀನಿಗೆ ಬಂದ. ಬರುವಾಗ ಎತ್ತಿನ ಸಂತೆಯ ರೂಢಿಯನ್ನೂ ತಂದ. ಹೆಗಲ ಮೇಲಿನ ಟವೆಲ್ ತೆಗೆದು ಕೊಳ್ಳುವವನ ಕೈ ಮೇಲೆ ಹಾಕುತ್ತಾನೆ, ಕೆಳಗೆ ತನ್ನ ಕೈ ಸೇರಿಸಿ ಬೆರಳು ಹಿಡಿಯುತ್ತಾನೆ. ನೂರು ರೂಪಾಯಿ ಇಬ್ಬರ ಮನಸ್ಸಿನಲ್ಲೂ ಇದ್ದೇ ಇರುತ್ತದೆ, ಅದರ ಮೇಲಿನದನ್ನು ಮಾತ್ರ ಬೆರಳು ಹೇಳುತ್ತದೆ. ಎರಡು ಬೆರಳು ಹಿಡಿದರೆ ಕಿಲೋಗೆ ನೂರಾ ಇಪ್ಪತ್ತು, ಮೂರು ಹಿಡಿದರೆ ನೂರಾ ಮೂವತ್ತು. ಒಪ್ಪದಿದ್ದರೆ ಕೊಳ್ಳುವವನು ತಿರುಗಿ ಅವನ ಬೆರಳು ಹಿಡಿಯಬೇಕು. ಒಪ್ಪಿದರೆ 'ಆತು' ಅನ್ನಬೇಕು. ಇಡೀ ವ್ಯಾಪಾರದಲ್ಲಿ ಕಿವಿಗೆ ಬೀಳುವುದು ಅದೊಂದೇ ಮಾತು. ಪಕ್ಕದವನಿಗೆ ಎಷ್ಟಕ್ಕೆ ಕೊಟ್ಟ ಎಂದು ಕೇಳುವಂತಿಲ್ಲ. ಕೇಳಿದರೆ ಮಾನಗೇಡಿ ಅನ್ನುತ್ತಾರೆ. ಹಿಡಿದು ತಂದ ಬೆಸ್ತರಿಗೂ ಅವನು ಒಂದು ದರ ಹೇಳುತ್ತಾನೆ, ಅದು ನಿಜವೋ ಸುಳ್ಳೋ ಆ ಟವೆಲ್ಲಿಗೇ ಗೊತ್ತು. ಇದನ್ನು ದಂಡೆಯವರು ಮರ್ಯಾದೆ ಅನ್ನುತ್ತಿದ್ದರು. ಬೆಳಕಿದ್ದಲ್ಲಿ ಕತ್ತಲು ಮಾಡಿಕೊಂಡು ಕೂಡುವುದು ಎಂಥ ಮರ್ಯಾದೆಯೋ ನನಗಂತೂ ತಿಳಿಯಲಿಲ್ಲ.

ಪರಪುರುಷನ ಟವೆಲ್ ಕೆಳಗೆ ಕೈ ಕೊಡುವ ಹೆಂಗಸು ಯಾರಿದ್ದಾಳೆ? ಹಾಗಾಗಿ ಸುತ್ತಲಿನ ಹೆಂಗಸರೆಲ್ಲ ಗಂಡಸರು ಕೊಂಡದ್ದನ್ನು ಎರಡನೇ ಕೈಯಿಂದ ಕೊಂಡು ಮಾರುತ್ತಿದ್ದರು. ಅತ್ತೆ ಮಾತ್ರ ಬಿಡಲಿಲ್ಲ. ಮಾವ ತೀರಿಕೊಂಡ ವರ್ಷ ಒಬ್ಬಳೇ ದಂಡೆಗೆ ಹೋದಳಂತೆ. ದಲಾಲಿ ಟವೆಲ್ ತೆಗೆಯಲು ಹಿಂದೆಮುಂದೆ ನೋಡಿದಾಗ ತನ್ನ ಸೆರಗನ್ನೇ ಬಿಚ್ಚಿ ಮೊಣಕಾಲ ಮೇಲೆ ಹಾಸಿ, ಇದರ ಕೆಳಗೆ ಹಿಡಿ ಅಣ್ಣಾ, ಅಂದಳಂತೆ. ಅಂದಿನಿಂದ ಅವನು ಅವಳಿಗೆ ಅಣ್ಣ, ಅವಳು ಅವನಿಗೆ ತಂಗಿ. ಬೆರಳು ಹಿಡಿಯುವ ಹೆಂಗಸು ಆ ದಂಡೆಯಲ್ಲಿ ಅವಳೊಬ್ಬಳೇ. ಗಂಡಸರ ಸಾಲಿನಲ್ಲಿ ಅವಳಿಗೊಂದು ಕಲ್ಲಿತ್ತು, ಅವಳು ಬರುವವರೆಗೆ ಅದರ ಮೇಲೆ ಯಾರೂ ಕೂಡುತ್ತಿರಲಿಲ್ಲ. ಊಟ ಇಲ್ಲದಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳು, ಆ ಕಲ್ಲು ಕೈ ಬಿಟ್ಟರೆ ತಾಳಿಕೊಳ್ಳುತ್ತಿರಲಿಲ್ಲ. ಇದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ದಂಡೆಗೆ ಹೊರಡುವ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವ ಠೀವಿ ನೋಡಿದರೆ ಯಾರಿಗೂ ತಿಳಿಯುತ್ತಿತ್ತು.

ಬೆರಳ ಭಾಷೆಯನ್ನು ನನಗೂ ಕಲಿಸಿದಳು. ಒಲೆ ಮುಂದೆ ಕೂತು ನನ್ನ ಕೈ ಮೇಲೆ ಅರಿವೆ ಹಾಕಿ ಹಿಡಿಯುವುದು, ನಾನು ತಪ್ಪು ಹೇಳಿದರೆ ಮೊಣಕೈಗೆ ತಿವಿಯುವುದು. ಅವಳ ಕೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಜೀವಮಾನವೆಲ್ಲ ಮಂಜುಗಡ್ಡೆ ಒಡೆದ ಕೈ ಎಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಚಳಿಗಾಲ ಕೊಪ್ಪಳದಲ್ಲಿ ಮೀನು ಹೆಚ್ಚುತ್ತ ಕೂತಿದ್ದಾಗ ಕೊಳ್ಳಲು ಬಂದ ಹೆಂಗಸು ಕಿಟಾರನೆ ಕಿರುಚಿ ಹಿಂದೆ ಸರಿದಳು. ನೋಡಿದರೆ ಅತ್ತೆಯ ಬೆರಳು ಈಳಿಗೆ ಸಿಕ್ಕು ಬಾಯಿ ಬಿಟ್ಟಿತ್ತು. ಮೀನಿನ ತುಂಡಿನ ಮೇಲೆ ರಕ್ತ ಇಳಿಯುತ್ತಿದ್ದರೂ ಅವಳು ಹೆಚ್ಚುತ್ತಲೇ ಇದ್ದಳು. ಅದು ಮೀನಿನದು ಎಂದು ತಿಳಿದಿದ್ದಳಂತೆ. ಆಮೇಲೆ ಒಂದು ದಿನ ಕಾದ ಹಂಚನ್ನು ಬರಿಗೈಯಲ್ಲಿ ಇಳಿಸಿ ಕೆಳಗಿಟ್ಟಳು. ಸುಟ್ಟ ವಾಸನೆ ಬಂದ ಮೇಲೆ ಕೈ ನೋಡಿಕೊಂಡಳು. ಆಗ ಅವಳ ಮುಖದಲ್ಲಿ ನೋವಿರಲಿಲ್ಲ, ದಿಗಿಲಿತ್ತು.

ಕೊಪ್ಪಳದ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ಎಷ್ಟೋ ವರ್ಷದಿಂದ ಇದ್ದಿರಬೇಕು, ನರ ಸತ್ತಿವೆ, ಹೋದ ಸ್ಪರ್ಶ ತಿರುಗಿ ಬರುವುದು ಕಷ್ಟ, ಇನ್ನು ಗಾಯ ಆಗದಂತೆ ನೋಡಿಕೊಳ್ಳಿ ಅಂದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ತನ್ನ ಆಯುಷ್ಯದ ಬಗ್ಗೆ ಕೇಳಲಿಲ್ಲ, ಗುಳಿಗೆಯ ಬಗ್ಗೆಯೂ ಕೇಳಲಿಲ್ಲ. ನನ್ನ ರಟ್ಟೆ ಹಿಡಿದು ಹೇಳಿದ್ದು ಒಂದೇ ಮಾತು.

"ದಂಡಿಮ್ಯಾಲ ಯಾರಿಗೂ ತಿಳೀಬಾರ್ದು. ನಿನ್ನ ಗಂಡಗೂ ಹೇಳಬ್ಯಾಡ, ಅವನ ಬಾಯಾಗ ಮಾತು ನಿಲ್ಲಂಗಿಲ್ಲ."

ಕೈ ಸತ್ತ ಹೆಂಗಸಿನ ಜೊತೆ ಬೆರಳ ವ್ಯಾಪಾರ ಯಾರು ಮಾಡುತ್ತಾರೆ? ತಿಳಿದರೆ ಕಲ್ಲು ಹೋಯಿತು, ಅವಳೂ ಉಳಿದ ಹೆಂಗಸರಂತೆ ಗಂಡಸರ ಹಿಂದೆ ಬುಟ್ಟಿ ಹಿಡಿದು ನಿಲ್ಲಬೇಕು. ನಾನು ಕೈ ಕೊಡುತ್ತೇನೆ, ನೀನು ಪಕ್ಕದಲ್ಲಿ ಕೂಡು ಅಂದೆ. ನಾನಿನ್ನೂ ಸತ್ತಿಲ್ಲ ಎಂದು ಗದರಿಸಿದಳು.

ಆಮೇಲೆ ಅವಳು ನಡೆಸಿಕೊಂಡು ಹೋದ ರೀತಿ ನೆನೆಸಿದರೆ ಇವತ್ತಿಗೂ ನನಗೆ ಮೆಚ್ಚುಗೆಯೂ ಆಗುತ್ತದೆ, ಅಳುವೂ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗಂಗಾವತಿಯಲ್ಲಿ ಮೀನು ಮಾರುವ ಒಬ್ಬ ಪರಿಚಯದ ಹೆಂಗಸಿಗೆ ನನ್ನಿಂದ ಫೋನ್ ಮಾಡಿಸಿ ಅಲ್ಲಿನ ಸವಾಲು ಎಷ್ಟಕ್ಕೆ ನಿಂತಿತು ಎಂದು ಕೇಳಿಸುತ್ತಿದ್ದಳು. ಅದರಿಂದ ಆ ದಿನದ ಬೆರಳು ಎಷ್ಟಿರಬಹುದೆಂದು ಅಂದಾಜಾಗುತ್ತಿತ್ತು. ದಂಡೆಯಲ್ಲಿ ಸೆರಗು ಹಾಸಿದ ಮೇಲೆ ದಲಾಲಿಯ ಮೊಣಕೈಯನ್ನೇ ನೋಡುತ್ತಿದ್ದಳು. ಬೆರಳು ಬಿಗಿದಾಗ ಅವನ ರಟ್ಟೆಯ ನರ ಎಷ್ಟು ಏಳುತ್ತದೆ ಎನ್ನುವುದರ ಮೇಲೆ ಎರಡೋ ಮೂರೋ ಎಂದು ಊಹಿಸಿ 'ಆತು' ಅನ್ನುತ್ತಿದ್ದಳು. ತಿರುಗಿ ಅವನ ಬೆರಳು ಹಿಡಿದು ಚೌಕಾಸಿ ಮಾಡುವುದನ್ನು ಮಾತ್ರ ಬಿಟ್ಟಳು. ತಂಗಿ ಈಗ ಜಗಳಾನೇ ಆಡೂದಿಲ್ಲ ಎಂದು ಅವನು ನಗುತ್ತಿದ್ದ, ವಯಸ್ಸಾತು ಅಣ್ಣಾ ಎಂದು ಇವಳೂ ನಗುತ್ತಿದ್ದಳು.

ತೂಕ ಆದ ಮೇಲೆ ಹಣ ಕೊಡುವುದು ಒಂದು ಕಂಟಕ. ಅಲ್ಲಿ ಯಾರೂ ದರ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಬೆರಳಿನಲ್ಲಿ ಮಾತಾಗಿರುತ್ತದಲ್ಲ, ಕೊಳ್ಳುವವನೇ ಲೆಕ್ಕ ಹಾಕಿ ಕೊಡಬೇಕು. ಅತ್ತೆ ಅದಕ್ಕೂ ದಾರಿ ಹುಡುಕಿಕೊಂಡಿದ್ದಳು. ಸೊಂಟದ ಚೀಲದಿಂದ ನೋಟಿನ ಸುರುಳಿ ತೆಗೆದು ಅವನ ಮುಂದೆ ಹಿಡಿದು, ನಿನ್ನದು ನೀನೇ ತಗೊ ಅಣ್ಣಾ, ಅನ್ನುತ್ತಿದ್ದಳು. ಅವನು ತನ್ನದು ಎಣಿಸಿಕೊಂಡು ಉಳಿದದ್ದನ್ನು ಅವಳ ಕೈಯಲ್ಲಿ ಮಡಚಿಡುತ್ತಿದ್ದ. ಸಾಲಿನಲ್ಲಿ ಕೂತ ಗಂಡಸರು ಒಡಹುಟ್ಟಿದವರಲ್ಲೂ ಇಂಥ ನಂಬಿಕೆ ಇಲ್ಲ ಅನ್ನುತ್ತಿದ್ದರು. ಆ ಮಾತು ಕೇಳಿದಾಗ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದಳು.

ಬೇಸಿಗೆ ಬಂತು. ಹಿನ್ನೀರು ಇಳಿದು ದಂಡೆ ದೂರ ಸರಿಯಿತು. ಮಡಚಿ ಬರುತ್ತಿದ್ದ ನೋಟುಗಳು ತೆಳ್ಳಗಾಗುತ್ತ ಹೋದವು. ಕುಷ್ಟಗಿಯಲ್ಲಿ ಎಷ್ಟು ಬಾಯಿ ಮಾಡಿ ಮಾರಿದರೂ ಕೈಗೆ ಹತ್ತುತ್ತಿರಲಿಲ್ಲ. ಯಲಬುರ್ಗಾದಲ್ಲಿ ಮಧ್ಯಾಹ್ನದ ಹೆಂಗಸರು ಬರುವ ಹೊತ್ತಿಗೆ ಕೊಂಡ ದರವೂ ಹುಟ್ಟುತ್ತಿರಲಿಲ್ಲ. ಮನೆಗೆ ಅಕ್ಕಿ ಬದಲು ನುಚ್ಚು ಬಂತು. ಗಂಗಾವತಿಯಲ್ಲಿ ದರ ನಿಂತಲ್ಲೇ ನಿಂತಿದೆ, ನಮಗೆ ಯಾಕೆ ಏರುತ್ತಿದೆ ಎಂದು ಒಂದು ದಿನ ಕೇಳಿಯೇ ಬಿಟ್ಟೆ. ನೀರಿಲ್ಲ, ಮೀನಿಲ್ಲ, ಏರದೆ ಇನ್ನೇನು, ಎಂದು ಸಿಡುಕಿದಳು. ಆಮೇಲೆ ತಾನಾಗಿಯೇ, ತಾನು ಮೂರು ಅಂದುಕೊಂಡಾಗಲೆಲ್ಲ ಅವನು ಐದರ ಲೆಕ್ಕ ತೆಗೆದುಕೊಳ್ಳುತ್ತಾನೆ, ರಟ್ಟೆ ನೋಡುವುದರಲ್ಲಿ ತನ್ನದೇ ಏನೋ ತಪ್ಪುತ್ತಿದೆ, ಅಂದಳು. ಅವನನ್ನೇ ಕೇಳು ಅಂದರೆ ಕೇಳುವಂತಿಲ್ಲ. ನೀನು ಹಿಡಿದದ್ದು ಎಷ್ಟು ಎಂದು ಕೇಳಿದರೆ ನನ್ನ ಬೆರಳಿಗೆ ತಿಳಿಯಲಿಲ್ಲ ಎಂದು ಹೇಳಿದಂತೆಯೇ. ಆ ಇಕ್ಕಟ್ಟಿನಲ್ಲಿ ಅವಳು ಸಿಕ್ಕಿಬಿದ್ದಿದ್ದಳು. ಅವಳ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು. ಒಂದು ಕಲ್ಲಿಗಾಗಿ ಮನೆಯವರೆಲ್ಲ ನುಚ್ಚು ಕುದಿಸಬೇಕೇ ಎಂದು ಗೊಣಗಿಕೊಂಡೇ ನುಚ್ಚು ಕುದಿಸಿದೆ.

ತೋರುಬೆರಳಿಗೆ ಮೀನಿನ ಮುಳ್ಳು ಯಾವಾಗ ಚುಚ್ಚಿತೋ ಅವಳಿಗೆ ಗೊತ್ತೇ ಇಲ್ಲ. ಗೊತ್ತಾಗುವ ಹೊತ್ತಿಗೆ ಬೆರಳು ಬಾತು, ಉಗುರಿನ ಸುತ್ತ ಕಪ್ಪಾಗಿತ್ತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಹಾಗೇ ದಂಡೆಗೆ ಹೋದಳು, ಜ್ವರ ಬಂದು ಮಲಗಿದ ಮೇಲೆಯೇ ಕೊಪ್ಪಳಕ್ಕೆ ಕರೆದೊಯ್ದೆವು. ಬೆರಳು ತೆಗೆಯದಿದ್ದರೆ ಕೈ ಹೋಗುತ್ತದೆ ಅಂದರು. ತೆಗೆದರು. ಎಚ್ಚರವಾದ ಮೇಲೆ ಪಟ್ಟಿ ಕಟ್ಟಿದ ಕೈಯನ್ನು ನೋಡಿ ನೋಯುತ್ತಿಲ್ಲ ಅಂದಳು, ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತು ಆಸ್ಪತ್ರೆಯ ಹೊರಗೆ ನಿಂತು ನಾನು ಅತ್ತುಬಿಟ್ಟೆ. ಅವಳ ಎದುರಿಗೆ ಅಳುವ ಧೈರ್ಯ ಇರಲಿಲ್ಲ.

ಮನೆಗೆ ಬಂದ ಕೆಲವು ದಿನಕ್ಕೆ, ವಾಸಿಯಾಗುವವರೆಗೆ ನೀನು ಹೋಗಿ ಬಾ, ಅಂದಳು. ಮುಳ್ಳು ಚುಚ್ಚಿ ಬೆರಳು ತೆಗೆದರು ಎಂದಷ್ಟೇ ಹೇಳು, ಉಳಿದದ್ದು ಹೇಳಬೇಡ ಎಂದು ಮತ್ತೆ ಮತ್ತೆ ಎಚ್ಚರಿಸಿದಳು. ಹೊರಡುವ ಮೊದಲು ಎಂದಿನಂತೆ ಗಂಗಾವತಿಗೆ ಫೋನ್ ಮಾಡಿಸಿದಳು. ಅಲ್ಲಿ ದರ ನೂರಾ ಇಪ್ಪತ್ತೈದು, ಅವಳು ಕೊನೆಯ ಸಲ ದಂಡೆಗೆ ಹೋದ ದಿನ ಇದ್ದದ್ದೇ.

ನಾನು ಅವಳ ಕಲ್ಲಿನ ಮೇಲೆ ಕೂತೆ. ಗಂಡಸರು ಅತ್ತೆಯನ್ನು ವಿಚಾರಿಸಿದರು, ಪಾಪ ಅಂದರು, ಹುಲಿಗೆಮ್ಮ ಕಾಯಲಿ ಅಂದರು. ದಲಾಲಿ ಬಂದು ಎದುರು ಕುಕ್ಕುರುಗಾಲಲ್ಲಿ ಕೂತ. ಸೆರಗು ಹಾಸಿದೆ. ನಾಚಿಕೆಯಾಯಿತು. ಅವನ ಒರಟು ಕೈ ನನ್ನ ಕೈಗೆ ತಗುಲಿ ಬೆರಳುಗಳನ್ನು ಒಂದೊಂದಾಗಿ ಸೇರಿಸಿ ಹಿಡಿಯಿತು. ಮೂರು. ಸ್ಪಷ್ಟವಾಗಿ ಮೂರು. ಗಂಗಾವತಿಯ ದರ ಅದೇ, ಬೆರಳೂ ಅತ್ತೆ ಅಂದುಕೊಂಡಷ್ಟೇ, ಅವಳ ಊಹೆ ತಪ್ಪಿರಲಿಲ್ಲ ಎಂದು ಅವನ ಹಿಡಿತದಲ್ಲೇ ನನಗೆ ತಿಳಿಯಿತು. ಬಾಯಲ್ಲಿ 'ಆತು' ಅಂದೆ, ಎದೆಯಲ್ಲಿ ಬೆಂಕಿ ಬಿದ್ದಿತ್ತು.

ತೂಕ ಆಗಿ ಉಳಿದವರು ಚದುರುವವರೆಗೆ ಹಲ್ಲು ಕಚ್ಚಿ ಕಾದೆ. ಮೂರು ಬೆರಳಿನ ಲೆಕ್ಕ ನಾನೇ ಎಣಿಸಿ ಕೊಟ್ಟು, ನಮ್ಮ ಅತ್ತೆ ಕೊನೆಯ ಸಲ ಬಂದಾಗ ಇದೇ ಮೀನಿಗೆ ಅವಳಿಂದ ಐದರ ಲೆಕ್ಕ ಯಾಕೆ ತೆಗೆದುಕೊಂಡೆ ಎಂದು ಕೇಳಿದೆ. ಅವನು ಅತ್ತಿತ್ತ ನೋಡಿದ. ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ, ಹೇಳಲಿಲ್ಲ.

"ನಿಮ್ಮ ಅತ್ತಿ ಕೈಯಾಗ ಜೀವ ಇಲ್ಲಂತ ನನಗ ಚಳಿಗಾಲದಾಗ ಗೊತ್ತಾತು, ಯವ್ವಾ. ಅನುಮಾನ ಬಂದು ಒಂದಿನ ಸೆರಗಿನ ಕೆಳಗ ಕೈ ಸುಮ್ಮನ ಇಟ್ಟಿದ್ದೆ, ಏನೂ ಹಿಡಿದಿರಲಿಲ್ಲ. ಆಕಿ ನನ್ನ ರಟ್ಟಿ ನೋಡಿ 'ಆತು' ಅಂದಳು."

ಅವನು ಟವೆಲ್ ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ.

"ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ ನಾ. ಬಿಟ್ಟಿದ್ರ ಆಕಿ ಮರುದಿನ ಇಲ್ಲಿ ಕುಂದ್ರತಿದ್ದಳೇನು? ನಾ ದಲಾಲಿ ಮನುಷ್ಯಾ. ಸುಮ್ಮನ ಇರೂದಕ್ಕೂ ನಂದೊಂದು ದರ ಐತಿ."

ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿದರೆ ನಾಳೆ ಮೀನಿಲ್ಲ, ಮತ್ತು ಅತ್ತೆಯ ಗುಟ್ಟು ನಾಳೆಯೇ ದಂಡೆಯ ತುಂಬ. ಬುಟ್ಟಿ ಎತ್ತಿಕೊಂಡು ಬಂದೆ. ಆ ಊರಿನ ಸಂತೆ, ಈ ಊರಿನ ಸವಾಲು ಎಂದು ಏನೇನೋ ಕಲಿತಿದ್ದೆ. ಬಾಯಿ ಮುಚ್ಚಿಕೊಳ್ಳುವುದಕ್ಕೂ ಕಿಲೋ ಲೆಕ್ಕದಲ್ಲಿ ದರ ಕಟ್ಟುತ್ತಾರೆ ಎನ್ನುವುದು ಅವತ್ತೇ ಗೊತ್ತಾದದ್ದು.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಪಟ್ಟಿ ಕಟ್ಟಿದ ಕೈ ಮಡಿಲಲ್ಲಿತ್ತು. ನಾನು ಬುಟ್ಟಿ ಇಳಿಸುವ ಮೊದಲೇ, ಎಷ್ಟು ಹಿಡಿದ, ಎಂದು ಕೇಳಿದಳು. ದಾರಿಯುದ್ದಕ್ಕೂ ಒಂದು ಸುಳ್ಳು ಹೊಂದಿಸಿಕೊಂಡು ಬಂದಿದ್ದೆ. ಅವಳ ಮುಖ ನೋಡಿ ಅದು ನಾಲಿಗೆಗೆ ಬರಲಿಲ್ಲ. ಮೂರು, ಅಂದೆ.

ಅವಳು ಓಣಿಯ ಕಡೆ ನೋಡುತ್ತ ಕೂತಳು. ಗಂಗಾವತಿಯ ದರ ಅವಳಿಗೆ ಗೊತ್ತಿತ್ತು, ಕೊನೆಯ ಸಲ ತನ್ನ ಸುರುಳಿಯಿಂದ ಎಷ್ಟು ಹೋಯಿತು ಎನ್ನುವುದೂ ಗೊತ್ತಿತ್ತು. ಲೆಕ್ಕ ಹಾಕುತ್ತ ಅವಳ ತುಟಿ ಅಲುಗಾಡುವುದು ನೋಡಿ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ಎಲ್ಲ ಹೇಳಿಬಿಟ್ಟೆ. ಖಾಲಿ ಕೈ ಇಟ್ಟು ನೋಡಿದ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಳು. ಬೈಯಲಿ, ಅವನ ವಂಶಕ್ಕೇ ಶಾಪ ಹಾಕಲಿ, ನನ್ನನ್ನಾದರೂ ಬೈಯಲಿ ಎಂದು ಕಾದೆ. ಕಣ್ಣು ತೆರೆದು ಅವಳು ಕೇಳಿದ್ದು ಬೇರೆ.

"ಮತ್ತ್ಯಾರ ಮುಂದರ ಹೇಳ್ಯಾನೇನು?"

"ಇಲ್ಲಂತ, ಅತ್ತಿ."

"ದಂಡಿಮ್ಯಾಲ ಒಬ್ಬರಿಗೂ ಗೊತ್ತಿಲ್ಲ?"

"ಒಬ್ಬರಿಗೂ ಗೊತ್ತಿಲ್ಲ."

ಚಳಿಗಾಲದಿಂದ ಬಿಗಿಹಿಡಿದಿದ್ದ ಅವಳ ಭುಜಗಳು ಕೆಳಗಿಳಿದವು. ಉಸಿರು ಬಿಟ್ಟಳು.

"ಹಂಗಾರ ಮನುಷ್ಯಾ ಛಲೋ ಅದಾನ" ಅಂದಳು.

ನನ್ನ ಮೈ ಉರಿದುಹೋಯಿತು. ನಮ್ಮ ಹೊಟ್ಟೆಯ ಮೇಲೆ ಹೊಡೆದವನು, ಮನೆಯವರ ಬಾಯಿಗೆ ನುಚ್ಚು ಹಾಕಿದವನು, ಎಂದು ಕೂಗಾಡಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮನೆಯಲ್ಲಿ ಬೇಯಿಸಿ ಹಾಕುವವರು ಯಾರೂ ಇಲ್ಲ, ಬೆಳಿಗ್ಗೆ ಹೋಗುವಾಗ ನಾಲ್ಕು ರೊಟ್ಟಿ, ಚಟ್ನಿಗೆ ಒಂದಿಷ್ಟು ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗು, ತಂಗಿ ಕೊಟ್ಟಳು ಅನ್ನು, ಅಂದಳು.

ಮರುದಿನ ಬೈಯುತ್ತಲೇ ರೊಟ್ಟಿ ಬಡಿದೆ. ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಅವನ ಮುಂದೆ ಇಟ್ಟೆ, ತಂಗಿ ಕೊಟ್ಟಳು ಎಂದೂ ಹೇಳಿದೆ. ಅವನು ಗಂಟು ಬಿಚ್ಚಿ ನೋಡಿ, ತನ್ನ ಪಕ್ಕಕ್ಕೆ ಸರಿಸಿಕೊಂಡ. ಆಮೇಲೆ ನಾನು ಸೆರಗು ಹಾಸಿದೆ.